ನಿಂತು ಕೆಟ್ಟ ಎಂಜಿನ್

ಮಿಷಿಗನ್‌ಗೆ ಕೆಲಸಕ್ಕೆಂದು ಬರುವ ನಮ್ಮ ಎಂಜಿನಿಯರುಗಳಿಗೆ ಡೆಟ್ರಾಯಿಟ್ ಎಂದರೆ ಕಾರು, ಬೇರೆ ಮಾತಿಲ್ಲ. ನಾನೂ ಕಾರಿನ ಕಂಪನಿಗೇ ಬಂದವನು. ಇಲ್ಲಿಂದ ಈಶಾನ್ಯಕ್ಕೆ ಸುಮಾರು ಒಂದು ಗಂಟೆ ಹೋದರೆ ಸೇಂಟ್ ಕ್ಲೇರ್ ನದಿಯ ದಂಡೆಯಲ್ಲಿ ಆಲ್ಗೊನಾಕ್ ಎಂಬ ಸಣ್ಣ ಊರಿದೆ. ಮೋಟಾರು ಬೋಟುಗಳ ಮಟ್ಟಿಗೆ ಆ ಊರೇ ಡೆಟ್ರಾಯಿಟ್ ಎಂಬುದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ತಿಳಿಸಿದವರು ಪಕ್ಕದ ಮನೆಯ ಅಜ್ಜ. ಅಜ್ಜ ಎಂದು ಕರೆಯುವುದು ನಮ್ಮ ಮನೆಯೊಳಗೆ ಮಾತ್ರ. ಎದುರಿಗೆ ಇಲ್ಲಿನ ರೂಢಿಯಂತೆ ಹೆಸರು ಹಿಡಿದೇ ಮಾತನಾಡಿಸಬೇಕು, ಅದು ನನಗೆ ಇನ್ನೂ ಸಲೀಸಾಗಿಲ್ಲ. ಕಾರ್ಖಾನೆಯೊಂದರಲ್ಲಿ ಡೈ, ಅಂದರೆ ಲೋಹಕ್ಕೆ ಆಕಾರ ಕೊಡುವ ಅಚ್ಚು, ತಯಾರಿಸಿ ನಿವೃತ್ತರಾದವರು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಟಾರ್ಪಾಲು ಹೊದ್ದು ಮಲಗಿದ್ದದ್ದು 1948ರ ಕ್ರಿಸ್-ಕ್ರಾಫ್ಟ್, ಹದಿನೇಳು ಅಡಿಯ ಮಹಾಗನಿ ಬೋಟು.

ಕ್ರಿಸ್ಟೋಫರ್ ಕೊಲಂಬಸ್ ಸ್ಮಿತ್ ಎಂಬ ಭಾರಿ ಹೆಸರಿನ ಒಬ್ಬಾತ ಆಲ್ಗೊನಾಕ್‌ನಲ್ಲಿ ಬಾತುಕೋಳಿ ಬೇಟೆಗಾರರಿಗೆ ದೋಣಿ ಕಟ್ಟುತ್ತ ಶುರು ಮಾಡಿದ ಕಸುಬು ಇದು. ಮಕ್ಕಳು ಸೇರಿಕೊಂಡು 1920ರ ದಶಕದಲ್ಲಿ ಅದು ಕಂಪನಿಯಾಯಿತು, 1930ರಲ್ಲಿ ಕ್ರಿಸ್-ಕ್ರಾಫ್ಟ್ ಎಂಬ ಹೆಸರು ಹೊತ್ತಿತು. ಮೊದಲ ಮಹಾಯುದ್ಧ ಮುಗಿದಾಗ ರಾಶಿ ಬಿದ್ದಿದ್ದ ಕರ್ಟಿಸ್ ವಿಮಾನದ ಎಂಜಿನುಗಳನ್ನು ಅಗ್ಗಕ್ಕೆ ತಂದು ಬೋಟುಗಳಲ್ಲಿ ಕೂರಿಸಿದ್ದು ಅವರ ಆರಂಭದ ಜಾಣತನ. ಅದೇ ಊರಿನ ಗಾರ್ ವುಡ್‌ಗೆ ಅಷ್ಟೂ ಸಾಲಲಿಲ್ಲ. 1920ರಲ್ಲಿ ಎರಡು ಲಿಬರ್ಟಿ ವಿಮಾನದ ಎಂಜಿನುಗಳನ್ನು ಹೊತ್ತ 'ಮಿಸ್ ಅಮೆರಿಕಾ' ಬೋಟಿನಲ್ಲಿ ಇಂಗ್ಲೆಂಡಿಗೆ ಹೋಗಿ ಮೋಟಾರು ಬೋಟು ಓಟದ ಹಾರ್ಮ್ಸ್‌ವರ್ತ್ ಟ್ರೋಫಿ ಗೆದ್ದು ತಂದ. 1932ರಲ್ಲಿ ಇದೇ ಸೇಂಟ್ ಕ್ಲೇರ್ ನದಿಯ ಮೇಲೆ ನಾಲ್ಕು ಪ್ಯಾಕರ್ಡ್ ಎಂಜಿನುಗಳ ಬೋಟನ್ನು ಗಂಟೆಗೆ 124 ಮೈಲಿಗೂ ಹೆಚ್ಚು ವೇಗದಲ್ಲಿ ಓಡಿಸಿದ. ಕಾರಿನಲ್ಲಿಯೇ ಆ ವೇಗ ಮುಟ್ಟಲು ನಮಗೆ ಇವತ್ತಿಗೂ ಧೈರ್ಯ ಸಾಲದು.

ಅಜ್ಜನ ಬೋಟಿಗೆ ಅಂಥ ಹುಚ್ಚೇನಿಲ್ಲ. ಅದರ ಹೊಟ್ಟೆಯಲ್ಲಿರುವುದು ಆರು ಸಿಲಿಂಡರಿನ, 95 ಅಶ್ವಶಕ್ತಿಯ 'ಕೆ' ಮಾದರಿಯ ಎಂಜಿನ್. ನಮ್ಮ ಕರಾವಳಿಯ ನಾಡದೋಣಿಗಳ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನನ್ನು ನೀವು ನೋಡಿರುತ್ತೀರಿ. ಅದು ಕೆಟ್ಟರೆ ಬಿಚ್ಚಿ ಹೆಗಲ ಮೇಲೆ ಹೊತ್ತು ಮೆಕ್ಯಾನಿಕ್ ಬಳಿಗೆ ಒಯ್ಯಬಹುದು. ಇದು ಇನ್‌ಬೋರ್ಡ್: ಎಂಜಿನ್ ಬೋಟಿನ ನಡುವೆ ಕೂತಿರುತ್ತದೆ, ಅದರ ಶಾಫ್ಟು ತಳವನ್ನು ತೂರಿ ನೀರಿಗಿಳಿದು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಈ ಎಂಜಿನ್ನಿನ ಬ್ಲಾಕು, ಅಂದರೆ ಸಿಲಿಂಡರುಗಳಿರುವ ಎರಕದ ಒಡಲು ಕೂಡ ಮೂಲತಃ ಬೋಟಿಗೆಂದು ಹುಟ್ಟಿದ್ದಲ್ಲ. ಓಹಾಯೋದ ಕ್ಯಾಂಟನ್ ಊರಿನ ಹರ್ಕ್ಯುಲಿಸ್ ಕಂಪನಿ ಟ್ರಕ್ಕು, ಟ್ರಾಕ್ಟರುಗಳಿಗೆ ಎಂಜಿನ್ ಮಾಡುತ್ತಿತ್ತು. ಕ್ರಿಸ್-ಕ್ರಾಫ್ಟ್ ಅವರಿಂದ ಬ್ಲಾಕು ತಂದು, ಎಂಜಿನ್ನಿನ ಹೊಗೆ ಒಯ್ಯುವ, ಸುತ್ತ ನೀರು ಹರಿಯುವ ಮ್ಯಾನಿಫೋಲ್ಡು, ರಿವರ್ಸ್ ಗೇರು, ಪಂಪು ಜೋಡಿಸಿ ನೀರಿಗೆ ಹೊಂದಿಸುತ್ತಿತ್ತು. ಡೆಟ್ರಾಯಿಟ್‌ನಲ್ಲೇ ಇದ್ದ ಗ್ರೇ ಮರೀನ್ ಕಂಪನಿ ಕಾಂಟಿನೆಂಟಲ್ ಕಂಪನಿಯ ಬ್ಲಾಕುಗಳನ್ನು ಹೀಗೆಯೇ ಪಳಗಿಸುತ್ತಿತ್ತು. ಆ ಕಾಲದ ಅಂದಗಾತಿ ಬೋಟುಗಳ ಮುಚ್ಚಳ ಎತ್ತಿ ನೋಡಿದರೆ ಒಳಗಿರುವುದು ಹೊಲದ ಎತ್ತು.

ಈ ಎಂಜಿನ್ ಜಾಮ್ ಆಗಿತ್ತು. ಎಷ್ಟೋ ವರ್ಷದ ಹಿಂದೆ ನೀರಿನಿಂದ ಮೇಲೆತ್ತಿ ನಿಲ್ಲಿಸಿದ್ದು ಹಾಗೇ ಇತ್ತು. ಹಳೆಯ ಎಂಜಿನುಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದ್ದರೆ ಅದು ಇದೊಂದೇ: ಇವು ಓಡಿ ಕೆಡುವುದು ಅಪರೂಪ, ನಿಂತು ಕೆಡುವುದೇ ಹೆಚ್ಚು. ಆರು ಸಿಲಿಂಡರಿನ ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಒಂದೆರಡು ಸಿಲಿಂಡರುಗಳ ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತದೆ. ಬೋಟಿನ ಹಿಂಬದಿಯ ಎಕ್ಸಾಸ್ಟ್ ಕೊಳವೆಯಿಂದ ತೇವದ ಗಾಳಿ ಒಳಗೆ ಬಂದು ನೇರ ಆ ಸಿಲಿಂಡರುಗಳಿಗೆ ಇಳಿಯುತ್ತದೆ. ಉಳಿದವು ಹೊಳೆಯುತ್ತಿದ್ದರೂ ಆ ಒಂದೆರಡರಲ್ಲಿ ಮಾತ್ರ ಪಿಸ್ಟನ್ನಿನ ರಿಂಗುಗಳು ಗೋಡೆಗೆ ಕಚ್ಚಿಕೊಳ್ಳುತ್ತವೆ. ಸಣ್ಣ ಕ್ಯಾಮೆರಾವನ್ನು ಪ್ಲಗ್ಗಿನ ತೂತಿನಿಂದ ಇಳಿಸಿ ನೋಡಿದಾಗ ನಮಗೆ ಕಂಡದ್ದೂ ಅದೇ.

ಹರಿಹರದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್‌ಗಳ ನಡುವೆ ಆಯುಷ್ಯ ಕಳೆದವರು.

"ಸುತ್ತಿಗೆ ಎತ್ತಿದಿರೇನೋ?" ಎಂದು ಕೇಳಿದರು.

"ಇಲ್ಲಪ್ಪ."

"ಎತ್ತಬೇಡಿ. ಎಣ್ಣೆ ಕುಡಿಸಿ ಬಿಟ್ಟುಬಿಡಿ. ಆ ಅಜ್ಜನಿಗೆ ಇದೆಲ್ಲ ಗೊತ್ತಿರುತ್ತದೆ, ನೀನು ಅವಸರ ಮಾಡಬೇಡ."

ಅಜ್ಜನಿಗೆ ಗೊತ್ತಿತ್ತು. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮಸಮ ಬೆರೆಸಿ ಪ್ರತಿ ಸಿಲಿಂಡರಿಗೂ ಸುರಿಯುವುದು ಇಲ್ಲಿನ ಗ್ಯಾರೇಜುಗಳ ಮನೆಮದ್ದು. ಅಸಿಟೋನ್ ಆವಿಯಾಗುವ ಮೊದಲು ಎಣ್ಣೆಯನ್ನು ಸಂದುಗಳ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಬೆಂಕಿಯ ಸಹವಾಸ ಇಲ್ಲದ ಕಡೆ, ಬಾಗಿಲು ತೆರೆದಿಟ್ಟು ಮಾಡಬೇಕಾದ ಕೆಲಸ. ಆಮೇಲೆ ದಿನಕ್ಕೊಮ್ಮೆ ಎಂಜಿನ್ನಿನ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಸನ್ನೆಕೋಲು ಕೊಟ್ಟು ಅತ್ತ ಇತ್ತ ತುಸು ಒತ್ತುವುದು. ಬಲ ಹಾಕುವುದಲ್ಲ, ಕೇಳಿ ನೋಡುವುದು. ಕಾರ್ಖಾನೆಯಲ್ಲಿ ಮೈಕ್ರಾನುಗಳ ಲೆಕ್ಕದಲ್ಲಿ ಬದುಕಿದ ಮನುಷ್ಯ ಇಲ್ಲಿ ಕೂದಲೆಳೆಯಷ್ಟು ಚಲನೆಗೆ ವಾರಗಟ್ಟಲೆ ಕಾದರು. ಕಚೇರಿಯಲ್ಲಿ ದಿನಕ್ಕೆರಡು ಬಾರಿ ಪ್ರಗತಿ ವರದಿ ಕೇಳುವ ನಮ್ಮ ಮ್ಯಾನೇಜರುಗಳನ್ನು ಆ ಗ್ಯಾರೇಜಿನಲ್ಲಿ ಒಂದು ತಿಂಗಳು ಕೂರಿಸಬೇಕು ಎಂದು ನನಗೆ ಅನ್ನಿಸುತ್ತಿತ್ತು. ಒಂದು ಸಂಜೆ ಫ್ಲೈವೀಲ್ ತಿರುಗಿತು. ತಿರುಗಿದ ಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡಿದರೆ ನಾಲ್ಕು ಸಿಲಿಂಡರುಗಳು 100 ಪಿ.ಎಸ್.ಐ. ಆಸುಪಾಸಿನಲ್ಲಿದ್ದವು, ಎರಡು 60 ದಾಟಲಿಲ್ಲ.

ಅಲ್ಲಿಗೇ ಬಿಟ್ಟು ಓಡಿಸಬಹುದಿತ್ತು. ಹಾಗೆ ಓಡಿಸುವವರೂ ಇದ್ದಾರೆ, ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕಾರಿಗೂ ಬೋಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾರಿಗೆ ಇಳಿಜಾರು ಸಿಗುತ್ತದೆ, ಸಿಗ್ನಲ್ ಸಿಗುತ್ತದೆ, ಎಂಜಿನ್ ಉಸಿರು ಬಿಡುತ್ತದೆ. ಬೋಟಿಗೆ ಇಳಿಜಾರು ಎಂಬುದೇ ಇಲ್ಲ. ಹೊರಟಲ್ಲಿಂದ ದಡ ಸೇರುವ ತನಕ ನೀರನ್ನು ತಳ್ಳುತ್ತಲೇ ಇರಬೇಕು. ಸೊರಗಿದ ಎರಡು ಸಿಲಿಂಡರಿನ ಪಾಲನ್ನು ಉಳಿದ ನಾಲ್ಕು ಹೊರಬೇಕು. ಹೀಗಾಗಿ ಎಂಜಿನ್ ಹೊರಗೆ ಬಂತು, ಪೂರ್ತಿ ಬಿಚ್ಚಲಾಯಿತು.

ಫ್ಲ್ಯಾಟ್‌ಹೆಡ್ ಎಂಜಿನ್ ಬಿಚ್ಚುವುದು ಒಂದು ಸುಖ. ವಾಲ್ವುಗಳು ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕದಲ್ಲಿ ನಿಂತಿರುತ್ತವೆ. ಹೆಡ್ ಎಂಬುದು ದಪ್ಪ ಎರಕದ ಮುಚ್ಚಳ ಮಾತ್ರ. ರಾಕರ್ ಇಲ್ಲ, ಪುಶ್‌ರಾಡ್ ಇಲ್ಲ. ನಾನು ದಿನವೂ ಕೆಲಸ ಮಾಡುವ ಎಂಜಿನುಗಳಲ್ಲಿ ಕಂಪ್ಯೂಟರಿಗೆ ಮಾತ್ರ ಕಾಣುವ ಎಷ್ಟೋ ಸಂಗತಿಗಳು ಇಲ್ಲಿ ಟ್ಯಾಪೆಟ್ ಮುಚ್ಚಳ ತೆಗೆದರೆ ಕಣ್ಣಿಗೇ ಕಾಣುತ್ತವೆ. ಮಷೀನ್ ಶಾಪಿನವರು ಬ್ಲಾಕಿನೊಳಗೆ ಒತ್ತಡ ಕೊಟ್ಟು ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಸಿಲಿಂಡರುಗಳನ್ನು 30 ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಬೋರ್ ಮಾಡಿ ಅಗಲಿಸಿಕೊಟ್ಟರು. ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್ನು, ರಿಂಗುಗಳು ಈಗಲೂ ಸಿಗುತ್ತವೆ, ಅದೇ ನನಗೆ ಆಶ್ಚರ್ಯ.

ಬಿರುಕಿನ ಭಯ ಸುಮ್ಮನೆ ಬಂದದ್ದಲ್ಲ. ಈ ಎಂಜಿನ್ನಿಗೆ ರೇಡಿಯೇಟರಿಲ್ಲ. ಪಂಪು ನದಿಯ ನೀರನ್ನೇ ಎಳೆದು ಬ್ಲಾಕಿನ ಸುತ್ತ, ಮ್ಯಾನಿಫೋಲ್ಡಿನ ಸುತ್ತ ಓಡಿಸಿ ಎಕ್ಸಾಸ್ಟಿನೊಂದಿಗೆ ಹೊರಗೆ ಉಗುಳುತ್ತದೆ. ಮಿಷಿಗನ್ನಿನ ನೀರು ಸಿಹಿ, ಸಮುದ್ರದಂತೆ ಕಬ್ಬಿಣ ತಿನ್ನುವುದಿಲ್ಲ. ಆದರೆ ಇಲ್ಲಿನ ಚಳಿಗೆ ಕರುಣೆ ಇಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಸೀಳುತ್ತದೆ. ಚಳಿಗೆ ಮುಂಚೆ ಬ್ಲಾಕಿನ ತಳದ ನಲ್ಲಿಗಳನ್ನು ತೆರೆದು ನೀರು ಬಸಿಯಬೇಕು. ನಲ್ಲಿ ತೆರೆದರೆ ಮುಗಿಯಲಿಲ್ಲ. ದಶಕಗಳ ಮರಳು, ತುಕ್ಕು ಒಳಗೆ ಕೂತು ಬಾಯಿ ಕಟ್ಟಿರುತ್ತದೆ. ಹನಿ ಬರದಿದ್ದರೆ ಖಾಲಿ ಎಂದುಕೊಳ್ಳಬಾರದು, ತಂತಿ ತೂರಿಸಿ ಕೆದಕಬೇಕು. ನಾವು ಬ್ಲಾಕಿನ ಪಕ್ಕದ ಪ್ಲಗ್ಗುಗಳನ್ನು ಕಿತ್ತು ತೊಳೆದಾಗ ಹೊರಬಂದ ಕೆಸರಿನಲ್ಲಿ ಒಂದು ಕುಂಡದ ಗಿಡ ನೆಡಬಹುದಿತ್ತು. ಮ್ಯಾನಿಫೋಲ್ಡನ್ನು ಮಾತ್ರ ಹಳೆಯದನ್ನೇ ಬಳಸುವ ಆಸೆಗೆ ಅಜ್ಜ ಬೀಳಲಿಲ್ಲ. ಅದರ ಒಳಗೋಡೆ ತೂತು ಬಿದ್ದರೆ ನೀರು ನೇರ ಸಿಲಿಂಡರಿಗೆ ಇಳಿಯುತ್ತದೆ, ಮಾಡಿದ್ದೆಲ್ಲ ನೀರುಪಾಲು.

ಕಾರಿನವನಾದ ನನಗೆ ಇಲ್ಲಿ ಹೊಸದಾಗಿ ಕಲಿಯಬೇಕಾಗಿ ಬಂದದ್ದು ಪೆಟ್ರೋಲಿನ ಭಯ. ಕಾರಿನಡಿ ಪೆಟ್ರೋಲು ಸೋರಿದರೆ ಗಾಳಿಗೆ ಹಾರಿಹೋಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಬೋಟಿನ ತಳ ಒಂದು ಬೋಗುಣಿ, ಆವಿ ಅಲ್ಲೇ ಕೂತು ಒಂದು ಕಿಡಿಗೆ ಕಾಯುತ್ತದೆ. ಅದಕ್ಕೇ ಸ್ಟಾರ್ಟ್ ಮಾಡುವ ಮುನ್ನ ನಾಲ್ಕು ನಿಮಿಷ ಬ್ಲೋವರ್, ಅಂದರೆ ಆವಿಯನ್ನು ಹೊರದೂಡುವ ಫ್ಯಾನು, ಓಡಿಸಬೇಕು, ಮುಚ್ಚಳ ಎತ್ತಿ ಮೂಗಿನಿಂದಲೂ ಪರೀಕ್ಷಿಸಬೇಕು. 1940ರ ಏಪ್ರಿಲ್ 25ರ ನಂತರ ಕೂರಿಸಿದ ಇನ್‌ಬೋರ್ಡ್ ಪೆಟ್ರೋಲ್ ಎಂಜಿನುಗಳ ಕಾರ್ಬ್ಯುರೇಟರಿಗೆ ಬೆಂಕಿ ತಡೆಯುವ ಜಾಲರಿ ಇರಲೇಬೇಕೆಂದು ಇಲ್ಲಿನ ಕೋಸ್ಟ್ ಗಾರ್ಡ್ ನಿಯಮವಿದೆ. ಎಂಜಿನ್ ಹಿಮ್ಮುಖವಾಗಿ ಕೆಮ್ಮಿದರೆ ಜ್ವಾಲೆ ಹೊರಗೆ ಬರಬಾರದು. ಪೆಟ್ರೋಲಿಗೆ ಎಥನಾಲ್ ಬೆರೆಸುವುದು ನಮ್ಮಲ್ಲೂ ಈಗ ದೊಡ್ಡ ಚರ್ಚೆಯಲ್ಲವೆ? ಇಲ್ಲಿ ಸಾಮಾನ್ಯ ಬಂಕುಗಳಲ್ಲಿ ಶೇ. 10 ಇರುತ್ತದೆ. ಹಳೆಯ ರಬ್ಬರ್ ಕೊಳವೆ, ಪಂಪಿನ ಡಯಾಫ್ರಮ್ಮು ಅದಕ್ಕೆ ಮೆತ್ತಗಾಗಿ ಕರಗುತ್ತವೆ. ಹೊಸ ಬಗೆಯ ಕೊಳವೆ ಹಾಕಿದ ಮೇಲೂ ಎಥನಾಲ್ ಇಲ್ಲದ ಪೆಟ್ರೋಲನ್ನು ಹುಡುಕಿಕೊಂಡು ಹೋಗುತ್ತೇವೆ, ಹೆಚ್ಚು ಹಣ ತೆತ್ತು.

ಇಬ್ಬರೂ ನಿಜವಾಗಿ ಜಗಳವಾಡಿದ್ದು ಬೋಟಿನ 6 ವೋಲ್ಟಿನ ವಿದ್ಯುತ್ ವ್ಯವಸ್ಥೆಯ ಬಗ್ಗೆ. ನಾನು ಅದನ್ನು 12 ವೋಲ್ಟ್ ಮಾಡಿ, ಕಿಡಿ ಹುಟ್ಟಿಸುವ ಹಳೆಯ ಪಾಯಿಂಟು, ಕಂಡೆನ್ಸರು ಎಸೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸೋಣ ಎಂದೆ. ಅಜ್ಜ ಒಂದು ಕಾಗದ ತೋರಿಸಿದರು. ಕ್ರಿಸ್-ಕ್ರಾಫ್ಟ್ ಕಟ್ಟಿದ ಬೋಟುಗಳ ದಾಖಲೆ ಕಾರ್ಡುಗಳು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಮರಿನರ್ಸ್ ಮ್ಯೂಸಿಯಂನಲ್ಲಿವೆ. ಬೋಟಿನ ಸಂಖ್ಯೆ ಕೊಟ್ಟರೆ ಪ್ರತಿ ಕಳಿಸುತ್ತಾರೆ: ಯಾವ ಎಂಜಿನ್ ಸಂಖ್ಯೆ ಕೂರಿಸಿದ್ದು, ಯಾವ ಡೀಲರಿಗೆ ರವಾನೆಯಾದದ್ದು ಎಲ್ಲ ಅದರಲ್ಲಿ. ಅಜ್ಜನ ಎಂಜಿನ್ನಿನ ಸಂಖ್ಯೆ ಕಾರ್ಡಿನ ಸಂಖ್ಯೆಗೆ ತಾಳೆಯಾಗಿತ್ತು. ಅಂಥದ್ದಕ್ಕೆ ಕೈ ಹಾಕಬೇಡ ಎಂಬುದು ಅವರ ವಾದ. ಅವರ ಮಾತಿನಲ್ಲಿ ತಾಂತ್ರಿಕ ಹುರುಳೂ ಇತ್ತು: 6 ವೋಲ್ಟಿಗೆ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಯಾರೋ ತೆಳ್ಳಗಿನ ಕೇಬಲ್ ಹಾಕಿದ್ದರಿಂದ. ಅರ್ಧ ವೋಲ್ಟೇಜಿಗೆ ದುಪ್ಪಟ್ಟು ಕರೆಂಟ್ ಬೇಕು, ಅದಕ್ಕೆ ದಪ್ಪ ತಾಮ್ರ ಬೇಕು. ದಪ್ಪ ಕೇಬಲ್ ಹಾಕಿದೆವು, ಸ್ಟಾರ್ಟರ್ ಚುರುಕಾಗಿ ತಿರುಗಿತು. ಆದರೂ ಪಾಯಿಂಟುಗಳ ವಿಷಯದಲ್ಲಿ ನಾನಿನ್ನೂ ಒಪ್ಪಿಲ್ಲ.

ಎಂಜಿನ್ ಮತ್ತೆ ಕೂತ ಮೇಲೆ, ಪ್ಲಗ್ಗುಗಳನ್ನು ತೆಗೆದಿಟ್ಟು ಎಣ್ಣೆಯ ಒತ್ತಡದ ಮುಳ್ಳು ಏಳುವವರೆಗೆ ಸ್ಟಾರ್ಟರಿನಲ್ಲೇ ತಿರುಗಿಸಿ, ಆಮೇಲೆ ಕಿಡಿ ಕೊಟ್ಟೆವು. ಅದು ಹೊತ್ತಿಕೊಂಡ ಸದ್ದನ್ನು ವರ್ಣಿಸಲು ಹೋಗುವುದಿಲ್ಲ. ಬಕೆಟಿನಿಂದ ಎಳೆದ ನೀರು ಎಕ್ಸಾಸ್ಟಿನಿಂದ ಹಾರಿ ನನ್ನ ಪ್ಯಾಂಟು ಪೂರ್ತಿ ನೆನೆಯಿತು.

ನೀರಿಗಿಳಿಸುವುದು ಬೇರೆಯೇ ಅಧ್ಯಾಯ. ಒಣಗಿದ ಮರದ ಹಲಗೆಗಳು ಸಂದು ಬಿಟ್ಟಿರುತ್ತವೆ, ಬೋಟು ನೀರಿಗಿಳಿದ ಮೊದಲ ದಿನ ಸೋರುತ್ತದೆ, ಪಂಪು ಓಡುತ್ತಲೇ ಇರಬೇಕು. ಮರ ನೀರು ಕುಡಿದು ಉಬ್ಬಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಹೀಗೆ ಉಬ್ಬುವಾಗ ಬೋಟಿನ ಆಕಾರವೂ ತುಸು ಬದಲಾಗುತ್ತದೆ. ಆದ್ದರಿಂದ ಎಂಜಿನ್ನಿಗೂ ಶಾಫ್ಟಿಗೂ ನಡುವಿನ ಕಪ್ಲಿಂಗನ್ನು ಗ್ಯಾರೇಜಿನಲ್ಲಿ ಎಷ್ಟೇ ಚೆನ್ನಾಗಿ ಹೊಂದಿಸಿದ್ದರೂ ನೀರಿನಲ್ಲಿ ಮತ್ತೆ ನೋಡಲೇಬೇಕು. ಕಪ್ಲಿಂಗಿನ ಎರಡು ಮುಖಗಳ ನಡುವೆ ಸುತ್ತಲೂ ಸಂದು ಅಳೆಯುವ ಫೀಲರ್ ಗೇಜ್ ಆಡಿಸಿ, ವ್ಯತ್ಯಾಸ ಮೂರು ಥೌ ಒಳಗೆ ಬರುವ ತನಕ ಎಂಜಿನ್ನಿನ ಕಾಲುಗಳಡಿ ಶಿಮ್ ಎಂಬ ತೆಳು ತಗಡು ಹಾಕುವುದು, ತೆಗೆಯುವುದು. ಮೊಣಕಾಲೂರಿ, ತಲೆಕೆಳಗಾಗಿ, ತೂಗಾಡುತ್ತ. ಕೊನೆಗೆ ಶಾಫ್ಟು ಹೊರಹೋಗುವ ಕಡೆ ನೀರು ಒಳನುಗ್ಗದಂತೆ ತಡೆಯುವ ಗ್ಲ್ಯಾಂಡು. ನಮ್ಮ ಪಂಪ್‌ಸೆಟ್ಟಿನ ಗ್ಲ್ಯಾಂಡಿನ ಹಾಗೆಯೇ, ಪೂರ್ತಿ ಬಿಗಿಯಬಾರದು. ಓಡುವಾಗ ಆಗಾಗ ಒಂದೊಂದು ಹನಿ ತೊಟ್ಟಿಕ್ಕಬೇಕು, ಆ ಹನಿಯೇ ಅದಕ್ಕೆ ತಂಪು. ಈ ಸಂಗತಿ ಕೇಳಿ ಅಪ್ಪನಿಗೆ ಬಹಳ ಸಮಾಧಾನವಾಯಿತು. ಅಮೆರಿಕದಲ್ಲೂ ಗ್ಲ್ಯಾಂಡು ಸೋರುತ್ತದಲ್ಲ ಎಂದು ನಕ್ಕರು.

ಈಗ ಬೇಸಿಗೆಯ ಶನಿವಾರಗಳಲ್ಲಿ ಅಜ್ಜನೂ ನಾನೂ ಸೇಂಟ್ ಕ್ಲೇರ್ ನದಿಗೆ ಹೋಗುತ್ತೇವೆ. ಆಚೆ ದಡ ಕೆನಡಾ. ಕಬ್ಬಿಣದ ಅದಿರು ಹೊತ್ತ ಸಾವಿರ ಅಡಿ ಉದ್ದದ ಹಡಗುಗಳು ಪಕ್ಕದಲ್ಲೇ ಹಾದುಹೋಗುತ್ತವೆ, ಅವುಗಳ ಅಲೆಗೆ ನಮ್ಮ ಹದಿನೇಳು ಅಡಿ ಎದ್ದು ಬಿದ್ದು ಹೋಗುತ್ತದೆ. ಪಂಪ ಕನ್ನಡ ಕೂಟದ ಗೆಳೆಯರು ಕೆಲವರು ಬಂದು ಕೂತು ನೋಡಿದ್ದಾರೆ. ಒಬ್ಬರು ಲೈಫ್ ಜಾಕೆಟ್ಟಿನ ಮೇಲೆ ಇನ್ನೊಂದು ಲೈಫ್ ಜಾಕೆಟ್ ಕೇಳಿದರು.

ಊರಿನಿಂದ ಈ ಕಡೆ ಬರುವವರಿದ್ದರೆ ಆಗಸ್ಟಿನಲ್ಲಿ ಬನ್ನಿ. ಮ್ಯಾಕಿನಾ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಹೆಸೆಲ್ ಎಂಬ ಪುಟ್ಟ ಊರಿದೆ. ಕ್ರಿಸ್-ಕ್ರಾಫ್ಟಿನ ಮೊಟ್ಟಮೊದಲ ಡೀಲರ್ ಇದ್ದದ್ದು ಅಲ್ಲೇ, ಪ್ರತಿ ಆಗಸ್ಟಿನಲ್ಲಿ ಹಳೆಯ ಮರದ ಬೋಟುಗಳ ಪ್ರದರ್ಶನ ಅಲ್ಲೇ ನಡೆಯುತ್ತದೆ. ಹೊಳೆಯುವ ವಾರ್ನಿಶ್ ನೋಡಿ ಫೋಟೊ ತೆಗೆದು ಮುಂದೆ ಹೋಗಬೇಡಿ. ಯಜಮಾನರನ್ನು ಎಂಜಿನ್ನಿನ ಮುಚ್ಚಳ ಎತ್ತಿ ತೋರಿಸಿ ಎಂದು ಕೇಳಿ. ಅಷ್ಟು ಕೇಳಿದರೆ ಸಾಕು, ಮಧ್ಯಾಹ್ನದ ಊಟ ತಪ್ಪಿದಂತೆಯೇ. ಸ್ವೆಟರ್ ಮರೆಯಬೇಡಿ, ಅಲ್ಲಿ ಆಗಸ್ಟಿನ ಸಂಜೆಗೂ ಚಳಿ ಇರುತ್ತದೆ.