ಹೆಡರ್ ಕೂರಿಸಿದ ಮೇಲೆ ಶುರುವಾಗುವ ಕೆಲಸ

ನಾನು ಕೆಲಸ ಮಾಡುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಹತ್ತಿರದ ಒಂದು ಸಣ್ಣ ಗ್ಯಾರೇಜಿನಲ್ಲಿ. ಸೋಮವಾರ ಬೆಳಿಗ್ಗೆ ಬರುವ ಕಾರುಗಳನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ, ಶನಿವಾರ ಭಾನುವಾರ ಮನೆಯಲ್ಲಿ ಯಾರೋ ಕೈಯಾಡಿಸಿದ್ದಾರೆ ಅಂತ. ಇಂಜಿನ್‌ನಿಂದ ಹೊಗೆ ಹೊರಗೆ ಒಯ್ಯುವ ಮೊದಲ ಪೈಪುಗಳ ಗೊಂಚಲು, ಅಂದರೆ ಹೆಡರ್, ಹೊಸದು ಕೂತಿದೆ, ಕಾರು ಓಡುತ್ತದೆ, ಶಬ್ದವೂ ಜೋರಾಗಿದೆ. ಆದರೆ ಚೆಕ್ ಇಂಜಿನ್ ಲೈಟ್ ಹತ್ತಿದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅನ್ನುತ್ತದೆ.

ಹೀಗೆ ಬರುವವರಲ್ಲಿ ನಮ್ಮ ಕನ್ನಡದ ಹುಡುಗರೂ ಇದ್ದಾರೆ. ವಾರವಿಡೀ ಕೋಡ್ ಬರೆದವರಿಗೆ ವಾರಾಂತ್ಯಕ್ಕೆ ಕೈ ಮಸಿ ಮಾಡಿಕೊಳ್ಳುವ ಆಸೆ. ಮಾಡಲಿ ಬಿಡಿ, ನಾನಂತೂ ಬೇಡ ಅನ್ನುವವನಲ್ಲ. ಆದರೆ ಎಲ್ಲರೂ ಇದನ್ನು ಪವರ್ ಹೆಚ್ಚಿಸುವ ಕೆಲಸ ಅಂದುಕೊಂಡು ಕೈ ಹಾಕುತ್ತಾರೆ. ಲಿಫ್ಟ್ ಕೆಳಗೆ ನಿಂತು ನೋಡುವ ನನಗೆ ಇದು ಶುರುವಿನಿಂದ ಕೊನೆವರೆಗೂ ಲೀಕ್ ತಡೆಯುವ ಕೆಲಸವಾಗಿಯೇ ಕಾಣುತ್ತದೆ.

ನಮ್ಮಲ್ಲಿಗೆ ಹೆಚ್ಚು ಬರುವುದು ಸುಬಾರು ಬಿಆರ್‌ಝಡ್ ಮತ್ತು ಅದರ ಅವಳಿ ಟೊಯೋಟಾ 86. ಅದರ ಮಾತೇ ಹೇಳುತ್ತೇನೆ. ಮನೆಯಲ್ಲಿ ಹೆಡರ್ ಬದಲಿಸಲು ಇಷ್ಟು ಅನುಕೂಲದ ಸ್ಪೋರ್ಟ್ಸ್ ಕಾರು ಕಡಿಮೆ. ಬಾಕ್ಸರ್ ಇಂಜಿನ್ ಆದ್ದರಿಂದ ಸಿಲಿಂಡರ್‌ಗಳು ಎರಡೂ ಪಕ್ಕಕ್ಕೆ ಮಲಗಿವೆ, ಎಕ್ಸಾಸ್ಟ್ ಪೋರ್ಟ್‌ಗಳು ನೆಲದ ಕಡೆ ಮುಖ ಮಾಡಿವೆ. ಕಾರಿನ ಕೆಳಗೆ ಮಲಗಿದರೆ ಹೆಡರ್ ಕಣ್ಣೆದುರೇ ಇರುತ್ತದೆ. ದೊಡ್ಡ ವಿ8 ಕಾರಿಗೆ ಉದ್ದನೆಯ ಹೆಡರ್ ಹಾಕುವಾಗ ಸ್ಟೀರಿಂಗ್ ಶಾಫ್ಟ್ ಬಿಚ್ಚು, ಇಂಜಿನ್ ಸ್ವಲ್ಪ ಎತ್ತು ಅನ್ನುವ ರಗಳೆ ಇರುತ್ತದಲ್ಲ, ಅದು ಇಲ್ಲಿಲ್ಲ.

ಹಾಕುವುದಕ್ಕೆ ಕಾರಣವೂ ಇದೆ. ಮೊದಲ ತಲೆಮಾರಿನ 2 ಲೀಟರ್ ಇಂಜಿನ್‌ನಲ್ಲಿ 3,500 ಆರ್‌ಪಿಎಂ ದಾಟುತ್ತಿದ್ದಂತೆ ಟಾರ್ಕ್ (ಎಳೆಯುವ ಬಲ) ಒಂದು ಗುಂಡಿಗೆ ಇಳಿದು ಮತ್ತೆ ಏಳುತ್ತಿತ್ತು. ಒಳ್ಳೆಯ ಹೆಡರ್ ಜೊತೆಗೆ ಟ್ಯೂನ್ ಮಾಡಿದರೆ, ಅಂದರೆ ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಹೊಂದಿಸಿದರೆ, ಆ ಗುಂಡಿ ಬಹುಪಾಲು ಮುಚ್ಚುತ್ತದೆ. 2022ರ ಮಾಡೆಲ್‌ನಿಂದ ಬಂದ 2.4 ಲೀಟರ್ ಇಂಜಿನ್ 228 ಎಚ್‌ಪಿ ಕೊಡುತ್ತದೆ, ಹಳೆಯದರಷ್ಟು ಗೋಳಿಲ್ಲ. ಹಾಗಾಗಿ ಹೊಸ ಕಾರಿನವರು ಹಾಕಿಸುವುದು ಹೆಚ್ಚಾಗಿ ಶಬ್ದಕ್ಕೆ. ಪೈಪುಗಳ ಉದ್ದ ಹೆಚ್ಚು ಕಡಿಮೆ ಇದ್ದರೆ ಹಳೆಯ ಸುಬಾರುವಿನ ಗುಡುಗುಡು, ಉದ್ದ ಸಮವಾಗಿದ್ದರೆ ನಯವಾದ ಶಬ್ದ. ಅದು ಅವರವರ ಕಿವಿಗೆ ಬಿಟ್ಟಿದ್ದು.

ದುಡ್ಡು ಕೊಡುವ ಮುಂಚೆ ಒಂದು ವಿಷಯ. ಈ ಕಾರುಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಮೊದಲನೇ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಹೆಡರ್ ಒಳಗೇ ಇದೆ. ಹೆಡರ್ ತೆಗೆದರೆ ಅದೂ ಹೋಯಿತು. ರಸ್ತೆಯ ಮೇಲೆ ಓಡುವ ಕಾರಿನಿಂದ ಕ್ಯಾಟ್ ತೆಗೆಯುವುದು ಅಮೆರಿಕದ ಎಲ್ಲ ಕಡೆ ಕಾನೂನಿಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಟ್ ಇರುವ ಹೆಡರ್ ಕೂಡ ಏರ್ ರಿಸೋರ್ಸಸ್ ಬೋರ್ಡ್ ಕೊಡುವ ಎಕ್ಸಿಕ್ಯುಟಿವ್ ಆರ್ಡರ್ ನಂಬರ್ ಇಲ್ಲದಿದ್ದರೆ ನಡೆಯುವುದಿಲ್ಲ. ಆ ನಂಬರ್ ನಿಮ್ಮ ಕಾರಿನ ಮಾಡೆಲ್ ಮತ್ತು ವರ್ಷಕ್ಕೇ ಇರಬೇಕು. "ನನ್ನದು ಹೊಸ ಕಾರು, ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇನ್ನೂ ದೂರ ಇದೆ" ಅನ್ನುವವರು ಬಹಳ. ನಾಲ್ಕು ವರ್ಷ ದಾಟಿದ ಕಾರನ್ನು ಮಾರಲು ಹೊರಟಾಗ ಆ ಟೆಸ್ಟ್ ಎದುರಿಗೆ ಬಂದು ನಿಲ್ಲುತ್ತದೆ. 2021ರ ಜುಲೈನಿಂದ ಇಲ್ಲಿನ ಟೆಸ್ಟ್‌ನಲ್ಲಿ ಇಸಿಯು (ಇಂಜಿನ್ ಕಂಪ್ಯೂಟರ್) ಸಾಫ್ಟ್‌ವೇರ್ ಬದಲಾಗಿದೆಯೇ ಅಂತಲೂ ನೋಡುತ್ತಾರೆ. ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಬರದಂತೆ ಟ್ಯೂನ್‌ನಲ್ಲಿ ಮುಚ್ಚಿಟ್ಟರೂ ಸಿಕ್ಕಿಬೀಳುವುದು ಅಲ್ಲೇ.

ಬಿಚ್ಚುವ ಕೆಲಸ. ಕಾರು ರಾತ್ರಿಯೆಲ್ಲ ತಣ್ಣಗಾಗಿರಲಿ. ನಾಲ್ಕೂ ಕಡೆ ಸ್ಟ್ಯಾಂಡ್ ಇರಲಿ. ಬರೀ ಜಾಕ್ ನಂಬಿ ಕೆಳಗೆ ಮಲಗುವವರಿಗೆ ನಾನು ಉಪದೇಶ ಮಾಡುವುದಿಲ್ಲ, ಬೈಯುತ್ತೇನೆ. ಹಿಂದಿನ ದಿನವೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ನಟ್ ತಿರುಗಿಸಿದಾಗ ಕೆಲವೊಮ್ಮೆ ಅದು ಕೂರುವ ಥ್ರೆಡ್ ಕಡ್ಡಿ, ಅಂದರೆ ಸ್ಟಡ್ಡೇ, ಹೊರಗೆ ಬರುತ್ತದೆ. ಗಾಬರಿ ಬೇಡ. ಎರಡು ನಟ್ ಒಂದಕ್ಕೊಂದು ಬಿಗಿ ಮಾಡಿ ಸ್ಟಡ್ ವಾಪಸ್ ಕೂರಿಸಬಹುದು. ಆದರೆ ಸ್ಟಡ್ ಕೂರುವ ಇಂಜಿನ್‌ನ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಸ್ಟಡ್ ಓರೆಯಾಗಿ ಹೊಕ್ಕರೆ ಥ್ರೆಡ್ ಕಿತ್ತುಹೋಗುತ್ತದೆ. ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಬೇಕು. ಬೆರಳಲ್ಲಿ ತಿರುಗದಿದ್ದರೆ ಸ್ಪ್ಯಾನರ್ ಹಿಡಿಯಬೇಡಿ.

ಆಕ್ಸಿಜನ್ ಸೆನ್ಸರ್ ಬಿಚ್ಚಲು ಪಕ್ಕದಲ್ಲಿ ಸೀಳಿರುವ 22 ಎಂಎಂ ಸಾಕೆಟ್ ತೆಗೆದುಕೊಳ್ಳಿ, ವೈರ್ ತಿರುಚದಂತೆ ಮೊದಲು ಪ್ಲಗ್ ಬಿಡಿಸಿ. ವಾಪಸ್ ಹಾಕುವಾಗ ಆಂಟಿ ಸೀಝ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ಥ್ರೆಡ್‌ಗೆ ಮಾತ್ರ, ಅದೂ ಸ್ವಲ್ಪ. ತುದಿಗೆ ತಾಗಿದರೆ ಸೆನ್ಸರ್ ಹಾಳು. ಸಿಲಿಕೋನ್ ಸೀಲಂಟ್ ಅಂತೂ ಎಕ್ಸಾಸ್ಟ್ ಹತ್ತಿರವೂ ತರಬೇಡಿ, ಅದರ ಆವಿಯೇ ಸೆನ್ಸರ್‌ಗೆ ವಿಷ.

ಕೂರಿಸುವಾಗ ನಮ್ಮ ಗ್ಯಾರೇಜಿನ ರೂಢಿ ಹೀಗೆ: ಹೆಡರ್‌ನಿಂದ ಹಿಂದಿನ ಪೈಪಿನವರೆಗೆ ಎಲ್ಲವನ್ನೂ ಸಡಿಲವಾಗಿಯೇ ಜೋಡಿಸುತ್ತೇವೆ. ಪೈಪುಗಳು ತಮ್ಮಷ್ಟಕ್ಕೆ ಸರಿಯಾಗಿ ಕೂತ ಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿ ಮಾಡುತ್ತ ಬರುತ್ತೇವೆ. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಮೊದಲ ಫ್ಲ್ಯಾಂಜ್ (ಬೋಲ್ಟ್ ಹಾಕುವ ಪೈಪಿನ ತುದಿಯ ತಟ್ಟೆ) ಪೂರ್ತಿ ಬಿಗಿಸಿಬಿಡುತ್ತಾರೆ. ಆಮೇಲೆ ಮುಂದಿನದು ಕೂರುವುದಿಲ್ಲ. ಎಳೆದು, ಜಗ್ಗಿ ಬೋಲ್ಟ್ ಹಾಕುತ್ತಾರೆ. ಆ ಎಳೆತ ಹೋಗಿ ಜಾಯಿಂಟ್ ಸಂದಿ ಮುಚ್ಚುವ ಗ್ಯಾಸ್ಕೆಟ್ ಮೇಲೆ ಕೂರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಿಸಿಗೆ ಮಾಮೂಲಿ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ತಣ್ಣಗಾದರೆ ಅಷ್ಟೇ ಕುಗ್ಗುತ್ತದೆ. ನಾಲ್ಕು ದಿನ ಓಡಿಸಿದರೆ ಜಾಯಿಂಟ್ ಬಾಯಿ ಬಿಡುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಪೈಪಿನ ಮೇಲಿನ ಬೆರಳಚ್ಚು, ಎಣ್ಣೆ ಎಲ್ಲ ಒರೆಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬೇಡವೇ ಬೇಡ. ಅದು ಬಿಸಿ ಲೋಹದ ಮೇಲೆ ವಿಷದ ಅನಿಲವಾಗುತ್ತದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿರಲಿ.

ಈಗ ಲೀಕ್ ವಿಷಯ. ಜನ ಬೇಸರಪಟ್ಟು ಬಿಟ್ಟುಬಿಡುವ ಭಾಗ ಇದು. ಎಕ್ಸಾಸ್ಟ್ ಅಂದರೆ ಸದಾ ಹೊರಗೆ ತಳ್ಳುವ ಗಾಳಿ, ಸಣ್ಣ ಸಂದಿ ಇದ್ದರೆ ಸ್ವಲ್ಪ ಹೊಗೆ ಹೋಗಬಹುದು, ಅಷ್ಟೇ ತಾನೇ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಪ್ರತಿ ಸಿಲಿಂಡರ್ ಉಸಿರು ಬಿಟ್ಟ ಮರುಕ್ಷಣ ಪೈಪಿನೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ. ಆ ಹೊತ್ತಿಗೆ ಅದೇ ಸಂದಿಯಿಂದ ಗಾಳಿ ಒಳಗೆ ನುಗ್ಗುತ್ತದೆ. ಮುಂದೆಯೇ ಇರುವ ಸೆನ್ಸರ್‌ಗೆ ಆಕ್ಸಿಜನ್ ಜಾಸ್ತಿ ಕಾಣುತ್ತದೆ. ಪೆಟ್ರೋಲ್ ಸಾಲುತ್ತಿಲ್ಲ ಅಂತ ಇಸಿಯು ಇನ್ನಷ್ಟು ಸುರಿಯುತ್ತದೆ. ಪವರ್‌ಗೆ ಅಂತ ಹಾಕಿದ ಹೆಡರ್ ಮೈಲೇಜ್ ತಿನ್ನುತ್ತದೆ, ಕ್ಯಾಟ್ ಇದ್ದರೆ ಅದನ್ನೂ ನಿಧಾನಕ್ಕೆ ಸುಡುತ್ತದೆ.

ಒಂದು ಬಿಆರ್‌ಝಡ್ ನೆನಪಿದೆ. ಓನರ್ ಮಾಡಿದ ಕೆಲಸ ನೋಡಲು ಚೆನ್ನಾಗಿತ್ತು, ನಟ್‌ಗಳೆಲ್ಲ ಟಾರ್ಕ್ ರೆಂಚ್‌ನಲ್ಲೇ ಬಿಗಿಸಿದ್ದರು. ಸ್ಕ್ಯಾನರ್ ಹಾಕಿದರೆ ಐಡಲ್‌ನಲ್ಲಿ (ನಿಂತಲ್ಲೇ ಇಂಜಿನ್ ಓಡುವಾಗ) ಫ್ಯುಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲ್‌ನಲ್ಲಿ ಮಾಡುವ ಹೆಚ್ಚು ಕಡಿಮೆ, +14%. 3,000 ಆರ್‌ಪಿಎಂಗೆ ಏರಿಸಿದರೆ +3%. ಆಚೀಚೆ 5%ರೊಳಗೆ ಇದ್ದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಐಡಲ್‌ನಲ್ಲಿ ಮಾತ್ರ ಹೀಗೆ ಏರಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಬರುತ್ತಿದೆ ಅಂತ ಲೆಕ್ಕ. ಪಾಪ, ಅವರು ಅಷ್ಟರಲ್ಲಿ ಏರ್‌ಫ್ಲೋ ಸೆನ್ಸರ್ ಹೊಸದು ಹಾಕಿಸಿಯೂ ಆಗಿತ್ತು. ಹೆಡರ್ ಇಳಿಸಿ ಟಾರ್ಚ್ ಹಿಡಿದೆ. ಎಡಗಡೆ ಹೆಡ್‌ನ ಬಿಳಿ ಅಲ್ಯೂಮಿನಿಯಂ ಮೇಲೆ ಬೀಸಣಿಗೆಯಂತೆ ಹರಡಿದ ಮಸಿಯ ಗುರುತು. ಅದರ ಬುಡದಲ್ಲಿ ಹಳೆಯ ಗ್ಯಾಸ್ಕೆಟ್ ಕಡೆಯಿಂದ ಉಳಿದ ಗಟ್ಟಿ ಚಕ್ಕೆ, ಉಗುರಿಗಿಂತ ತೆಳು. ಹೊಸ ಗ್ಯಾಸ್ಕೆಟ್ ಅದರ ಮೇಲೇ ಕೂತಿತ್ತು. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ತೆಗೆದೆ. ಸ್ಟೀಲ್ ಬ್ಲೇಡ್ ಹಾಕಿದ್ದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಇನ್ನೊಂದು ಲೀಕ್ ಆಗುತ್ತಿತ್ತು.

ಇದನ್ನು ಮನೆಯಲ್ಲೇ ಹಿಡಿಯಬಹುದಿತ್ತು. ನಮ್ಮಲ್ಲಿ ಸ್ಮೋಕ್ ಮಷೀನ್ ಇದೆ, ನಿಮಗೆ ಅದು ಬೇಕಿಲ್ಲ. ಇಂಜಿನ್ ತಣ್ಣಗಿರುವಾಗ ಗಾಳಿ ಊದುವ ವ್ಯಾಕ್ಯೂಮ್ ಕ್ಲೀನರ್ ತಂದು ಅದರ ಪೈಪನ್ನು ಟೇಲ್ ಪೈಪಿಗೆ ಬಟ್ಟೆ ಸುತ್ತಿ ಹಿಡಿಯಿರಿ. ಎರಡು ಟೇಲ್ ಪೈಪ್ ಇದ್ದರೆ ಇನ್ನೊಂದನ್ನು ಮುಚ್ಚಿ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದೊಂದು ಜಾಯಿಂಟ್‌ಗೂ ಸ್ಪ್ರೇ ಮಾಡಿ. ಸೆನ್ಸರ್‌ನ ಬುಡಕ್ಕೂ ಹೊಡೆಯಿರಿ. ಲೀಕ್ ಇದ್ದಲ್ಲಿ ಗುಳ್ಳೆ ಏಳುತ್ತದೆ. ಹೆಡರ್ ತೆಗೆಯುವ ಮುಂಚೆಯೇ ಕಾರಿಗೆ ಸಿಕ್ಕಿಸಿ ಇಸಿಯುವಿನ ಲೆಕ್ಕ ಓದುವ ಒಂದು ಅಗ್ಗದ ಓಬಿಡಿ ಡಾಂಗಲ್‌ನಿಂದ ಟ್ರಿಮ್ ಓದಿ ಬರೆದಿಟ್ಟುಕೊಂಡಿದ್ದರೆ, ಹೊಸದು ಹಾಕಿದ ಮೇಲೆ ಹೋಲಿಸಿ ನೋಡಬಹುದು. ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ ನಟ್‌ಗಳನ್ನು ಮ್ಯಾನುಯಲ್‌ನ ಟಾರ್ಕ್‌ಗೆ ಮತ್ತೆ ಒಮ್ಮೆ ನೋಡಿ, ಟ್ರಿಮ್ ಕೂಡ ಇನ್ನೊಮ್ಮೆ ಓದಿ.

ಇನ್ನು ಶಬ್ದ. ತಣ್ಣಗಿದ್ದಾಗ ಟಿಕ್ ಟಿಕ್ ಬಂದು, ಬಿಸಿಯಾದ ಮೇಲೆ ಮಾಯವಾದರೆ ಫ್ಲ್ಯಾಂಜ್ ಮೇಲೆ ಅನುಮಾನಪಡಿ. ಲೋಹ ಹಿಗ್ಗಿ ಸಂದಿ ಮುಚ್ಚಿಕೊಂಡಿರುತ್ತದೆ. ಆದರೆ ಹಳೆಯ 2 ಲೀಟರ್ ಇಂಜಿನ್‌ಗೆ ಇನ್ನೊಂದು ಗುಣವಿದೆ. ಐಡಲ್‌ನಲ್ಲಿ ಜೀರುಂಡೆಯ ಹಾಗೆ ಚಿರ್ರ್ ಅನ್ನುತ್ತದೆ. ಅದು ಮೇಲಿರುವ ಹೈ ಪ್ರೆಶರ್ ಫ್ಯುಯಲ್ ಪಂಪ್‌ನ ಸದ್ದು, ಹೆಡರ್‌ಗೂ ಅದಕ್ಕೂ ಸಂಬಂಧವಿಲ್ಲ. ಹೆಡರ್ ಹಾಕಿದ ಮೇಲೆ ಎಲ್ಲರ ಕಿವಿಯೂ ಚುರುಕಾಗುತ್ತದೆ ಅಲ್ವಾ, ಆಗ ಮೊದಲ ಸಲ ಕೇಳಿಸಿ ಓಡಿ ಬರುತ್ತಾರೆ. ಬಾನೆಟ್ ತೆಗೆದು ಒಂದು ರಬ್ಬರ್ ಪೈಪ್ ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಪಂಪ್ ಹತ್ತಿರ ಹಿಡಿಯಿರಿ. ಸದ್ದು ಅಲ್ಲೇ ಜೋರಾದರೆ ಬಾನೆಟ್ ಹಾಕಿ ಮನೆಯೊಳಗೆ ಹೋಗಿ.