ಹೆಬ್ಬೆರಳಿನ ಪಕ್ಕದ ಬೆರಳು

ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಫಾರಂ ಮೊಟ್ಟೆಯನ್ನು ಎಷ್ಟು ಕಾವಿಗಿಟ್ಟರೂ ಮರಿಯಾಗುವುದಿಲ್ಲ. ಹುಂಜದ ಸಹವಾಸವಿಲ್ಲದೆ ಇಟ್ಟ ಮೊಟ್ಟೆಗಳವು. ಹಾಗಾಗಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಭ್ರೂಣ ತೋರಿಸಬೇಕಾದಾಗ ಹೆಸರಘಟ್ಟದ ಕಡೆಯಿಂದ ಫಲಿತ ಮೊಟ್ಟೆ ತರಿಸುತ್ತೇವೆ.

ಆ ದಿನ ಸಿರಿಂಜಿನಿಂದ ಒಂದಿಷ್ಟು ಲೋಳೆ ಹೀರಿ ತೆಗೆದು, ಚಿಪ್ಪಿಗೆ ಟೇಪ್ ಅಂಟಿಸಿ, ಸಣ್ಣ ಕತ್ತರಿಯಿಂದ ಕಿಟಕಿ ತೆರೆದೆ. ಹಳದಿಯ ಮೇಲೆ ರಕ್ತನಾಳಗಳ ಬಲೆ, ನಡುವೆ ಪಟಪಟನೆ ಮಿಡಿಯುವ ಹೃದಯ. ಎಲ್ಲರ ಕಣ್ಣೂ ಹೃದಯದ ಮೇಲೆಯೇ. ಪ್ರತಿ ವರ್ಷವೂ ಇದೇ ಕಥೆ. ನನಗೆ ಬೇಕಾದದ್ದು ಪಕ್ಕೆಯಲ್ಲಿ ಉಬ್ಬಿರುವ ರೆಕ್ಕೆಯ ಮೊಗ್ಗು, ಅದರ ತುದಿಯಂಚಿನ ದಪ್ಪನೆಯ ಏಣು.

ಅಮೆರಿಕದ ಜೀವವಿಜ್ಞಾನಿ ಜಾನ್ ಸಾಂಡರ್ಸ್ 1948ರಲ್ಲಿ ಈ ಏಣನ್ನು ಕಿತ್ತು ನೋಡಿದರು. ಬೇಗ ಕಿತ್ತರೆ ರೆಕ್ಕೆ ಮೇಲ್ತೋಳಿಗೇ ನಿಂತಿತು. ತಡವಾಗಿ ಕಿತ್ತರೆ ತುದಿಯ ಭಾಗ ಮಾತ್ರ ಇಲ್ಲವಾಯಿತು. ಎಫ್‌ಜಿಎಫ್ ಎಂಬ ಪ್ರೋಟೀನುಗಳನ್ನು ಸುರಿಸಿ ‘ಬೆಳೆಯುತ್ತಲೇ ಇರು’ ಎನ್ನುವುದಷ್ಟೇ ಏಣಿನ ಕೆಲಸ. ಏನಾಗಿ ಬೆಳೆಯಬೇಕೆಂಬುದು ಅದರ ಕೈಯಲ್ಲಿಲ್ಲ. ಕಾಲಿನ ಮೊಗ್ಗಿನಿಂದ ತೊಡೆಯಾಗಬೇಕಿದ್ದ ಚೂರನ್ನು ತಂದು ರೆಕ್ಕೆಯ ಏಣಿನಡಿ ಇಟ್ಟಾಗ ಅಲ್ಲಿ ಮೂಡಿದ್ದು ಉಗುರುಳ್ಳ ಕಾಲ್ಬೆರಳು! ಇಡೀ ಪಾಠದಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದಿಲ್ಲ.

ಬೆರಳುಗಳ ಸಾಲನ್ನು ನಿರ್ಧರಿಸುವ ಕೇಂದ್ರ ಬೇರೆ, ಮೊಗ್ಗಿನ ಹಿಂಬದಿಯಲ್ಲಿದೆ. ಅದರ ಚೂರನ್ನು ಮುಂಬದಿಗೆ ಕಸಿ ಮಾಡಿದರೆ ರೆಕ್ಕೆಯಲ್ಲಿ 2-3-4 ಎಂದು ಗುರುತಿಸುವ ಮೂರು ಬೆರಳುಗಳ ಬದಲು ಕನ್ನಡಿಯ ಬಿಂಬದಂತೆ 4-3-2-2-3-4 ಬೆರಳುಗಳು. ಅಲ್ಲಿಂದ ಹೊಮ್ಮುವ ಸಂಕೇತ ‘ಸೋನಿಕ್ ಹೆಡ್ಜ್‌ಹಾಗ್’ ಪ್ರೋಟೀನ್ ಎಂದು 1993ರಲ್ಲಿ ತಿಳಿಯಿತು. ವಿಡಿಯೊ ಗೇಮ್ ಪಾತ್ರದ ಹೆಸರೆಂದಾಗ ತರಗತಿ ನಕ್ಕಿತು.

ಟ್ರೇ ಹಿಡಿದು ನಿಂತಿದ್ದ ನಮ್ಮ ಅಟೆಂಡರ್ ಮಾತ್ರ ನಗಲಿಲ್ಲ. “ಮೇಡಂ, ಹಾಗಾದರೆ ಇದು?” ಎಂದು ಬಲಗೈ ಚಾಚಿದರು. ಹೆಬ್ಬೆರಳಿಗೆ ಒತ್ತಿಕೊಂಡು ಇನ್ನೊಂದು ಪುಟ್ಟ ಬೆರಳು, ಪುಟ್ಟ ಉಗುರು ಸಮೇತ.

ಕೆಲವು ಕುಟುಂಬಗಳಲ್ಲಿ ಆ ಪ್ರೋಟೀನನ್ನು ತಯಾರಿಸುವ ಜೀನ್‌ನ ಸ್ವಿಚ್ಚಿನಲ್ಲಿ, ಅಂದರೆ ಅದನ್ನು ಚಾಲೂ ಮಾಡುವ ಡಿಎನ್‌ಎ ತುಣುಕಿನಲ್ಲಿ, ಒಂದೇ ಒಂದು ಅಕ್ಷರ ಬದಲಾಗಿರುತ್ತದೆ, ಆಗ ಮುಂಬದಿಯಲ್ಲಿ, ಅಂದರೆ ಹೆಬ್ಬೆರಳಿನ ಕಡೆಯೂ ಸಂಕೇತ ಹೊಮ್ಮುತ್ತದೆ ಎಂದೆ. ಆ ಸ್ವಿಚ್ಚು ಜೀನ್‌ನಿಂದ ಸುಮಾರು 10 ಲಕ್ಷ ಅಕ್ಷರಗಳಷ್ಟು ದೂರದಲ್ಲಿದೆ. “ನಿಮ್ಮದೂ ಅದೇ ಎನ್ನಲು ಜೀನ್ ಪರೀಕ್ಷೆಯೇ ಆಗಬೇಕು.”

“ನಮ್ಮ ತಾಯಿಗೂ ಇತ್ತು, ಅಣ್ಣನಿಗಿಲ್ಲ” ಎಂದರು. ಒಬ್ಬ ಹುಡುಗಿ ಆಗಲೇ ಬೋರ್ಡಿನ ಮೇಲೆ ಅವರ ವಂಶವೃಕ್ಷ ಬರೆಯತೊಡಗಿದ್ದಳು.

“ಅದೃಷ್ಟದ ಬೆರಳು ಎನ್ನುತ್ತಿದ್ದರು ಅಮ್ಮ” ಎಂದು ಟ್ರೇ ಎತ್ತಿಕೊಂಡರು. “ಹೆಣ್ಣು ಕೊಡಲು ಬಂದವರು ಮಾತ್ರ ಹಾಗೆನ್ನಲಿಲ್ಲ.”