ಕಿವಿಗೆ ತಲುಪದ ಉಪ್ಪು

ನವೆಂಬರ್ ಕೊನೆಗೆ ವಿಸ್ಕಾನ್ಸಿನ್‌ನಲ್ಲಿ 9 ದಿನ ಬಂದೂಕಿನ ಬೇಟೆಯ ಕಾಲ. ಕಳೆದ ವರ್ಷ ಪಕ್ಕದ ಮನೆಯ ಹಿರಿಯರು ತಾವು ಹೊಡೆದ ಬಿಳಿಬಾಲದ ಜಿಂಕೆಯ ತಲೆಯಿಂದ ಭುಜದವರೆಗಿನ ತೊಗಲನ್ನು ನನ್ನ ಗ್ಯಾರೇಜಿಗೆ ತಂದು, "ತೊಗಲು ಹದ ಮಾಡುವುದನ್ನು ಕಲಿಯಬೇಕು ಎನ್ನುತ್ತಿದ್ದೆಯಲ್ಲ, ಹಿಡಿ" ಎಂದರು.

ನಾನು ಮೈಸೂರಿನವನು. ಬೇಟೆಯಾಡಿದ ಪ್ರಾಣಿಗಳ ತೊಗಲು ಹದ ಮಾಡಿ ಜೀವಂತದಂತೆ ನಿಲ್ಲಿಸುತ್ತಿದ್ದ ನಮ್ಮೂರಿನ ವ್ಯಾನ್ ಇಂಗೆನ್ ಕಾರ್ಖಾನೆಯ ಹುಲಿಗಳ ಕಥೆ ಕೇಳುತ್ತ ಬೆಳೆದವನು. ಆದರೆ ಊರಿನಲ್ಲಿ ಇಂಥ ತೊಗಲು ತಂದಿಟ್ಟುಕೊಂಡಿದ್ದರೆ 1972ರ ವನ್ಯಜೀವಿ ಕಾಯ್ದೆ ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು.

ಮೊದಲ ಸಂಜೆಯೆಲ್ಲ ಹೆರೆಯುವುದರಲ್ಲೇ ಕಳೆಯಿತು. ಇಳಿಜಾರಾಗಿ ನಿಲ್ಲಿಸಿದ ಮರದ ದಿಮ್ಮಿಯ ಮೇಲೆ ತೊಗಲು ಹಾಸಿ, ಎರಡು ಹಿಡಿಯ ಕತ್ತಿಯಿಂದ ಕೊಬ್ಬು, ಮಾಂಸದ ಚೂರುಗಳನ್ನು ತೆಗೆಯಬೇಕು. ಅವು ಉಳಿದಲ್ಲಿ ಉಪ್ಪು ಇಳಿಯುವುದಿಲ್ಲ. ಆಮೇಲೆ ಅಯೋಡಿನ್ ಬೆರೆಸದ ಪುಡಿ ಉಪ್ಪು, ಹೆಚ್ಚುಕಡಿಮೆ ತೊಗಲಿನಷ್ಟೇ ತೂಕದ್ದು. ಕಲ್ಲುಪ್ಪು ಮಡಿಕೆಗಳೊಳಗೆ ಹೋಗುವುದಿಲ್ಲ.

ವಿಡಿಯೊ ಕರೆಯಲ್ಲಿ ಅಮ್ಮ ಇದನ್ನು ನೋಡಿ, "ಅದೇ ಕೈಯಲ್ಲಿ ಅನ್ನ ಕಲಸುತ್ತೀಯೇನೋ?" ಎಂದು ಮುಖ ತಿರುಗಿಸಿದರು. ಮರುದಿನ ತೊಗಲಿನ ಕೆಳಗೆ ನೀರು ಹರಿದಿದ್ದನ್ನು ತೋರಿಸಿದೆ. ಎಷ್ಟಾದರೂ ಪ್ರತಿ ಬೇಸಿಗೆಯಲ್ಲಿ ಮಿಡಿಗೆ ಉಪ್ಪು ಹಾಕಿದ ಕೈ. "ನೀರು ಬಿಟ್ಟಿದೆ, ಒದ್ದೆ ಉಪ್ಪು ಕೊಡವಿ ಬೇರೆ ಹಾಕು" ಎಂದರು. ನನ್ನ ಕೈಪಿಡಿಯಲ್ಲಿದ್ದದ್ದೂ ಅದೇ.

ಕೆಟ್ಟದ್ದು ಕಿವಿ. ಹೊರಚರ್ಮವನ್ನು ಮೃದ್ವಸ್ಥಿಯಿಂದ ಮೊಂಡು ಕಡ್ಡಿಯಿಂದ ಬಿಡಿಸುತ್ತ, ಕಾಲುಚೀಲದಂತೆ ತುದಿಯವರೆಗೆ ಒಳಹೊರಗು ಮಾಡಬೇಕು. ತುಟಿಯನ್ನೂ ಮೂಗಿನ ಹೊಳ್ಳೆಯನ್ನೂ ಒಳಗಿನಿಂದ ಸೀಳಿ ಬಿಡಿಸಬೇಕು. ತುಟಿ ಮಾಡಿ ಮುಗಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಕಿವಿಯ ಬುಡ ಮಾತ್ರ ಬಿಡಿಸಿ, ಉಳಿದದ್ದಕ್ಕೆ ಮೇಲಿನಿಂದಲೇ ಉಪ್ಪು ತುರುಕಿ ಮಲಗಿದೆ. ಗ್ಯಾರೇಜಿನಲ್ಲಿ ಹೀಟರ್ ಬೇರೆ ಉರಿಯುತ್ತಿತ್ತು; ಚಳಿ ನನಗೆ, ಬೆಚ್ಚಗಾದದ್ದು ಬ್ಯಾಕ್ಟೀರಿಯಾಗಳಿಗೆ.

ಉಪ್ಪಿನ ನಂತರ ತೊಗಲನ್ನು ಆಮ್ಲದ ದ್ರಾವಣದಲ್ಲಿ ನೆನೆಹಾಕಬೇಕು. ಅದರಿಂದ ತೆಗೆದ ದಿನ ಎಡಗಿವಿಯ ಹಿಂಭಾಗದ ಕೂದಲು ಹೊರಪೊರೆಯ ಸಮೇತ ನನ್ನ ಬೆರಳಿಗೆ ಬಂತು. ಭುಜ, ಕುತ್ತಿಗೆ ಎಲ್ಲ ಗಟ್ಟಿ. ಅಂಗೈಯಗಲದ ಆ ಜಾಗ ಮಾತ್ರ ಬೋಳು. ಹಿರಿಯರು ಕಿವಿಯನ್ನು ಹಿಚುಕಿ ನೋಡಿ, "ತುದಿಯವರೆಗೆ ತಿರುಗಿಸಲಿಲ್ಲವೇ?" ಎಂದರು. ಬುಡದವರೆಗೆ ಎನ್ನಲು ಬಾಯಿ ಬರಲಿಲ್ಲ.

ಈ ವರ್ಷದ ತೊಗಲಿಗೆ ಕಿವಿಯಿಂದಲೇ ಶುರು ಮಾಡಿದೆ. ಎರಡಕ್ಕೂ ಸೇರಿ ಮೂರು ಗಂಟೆ ಹಿಡಿಯಿತು. ಒಂದು ಕಡೆ ಉಗುರಿನಷ್ಟು ತೂತೂ ಬಿತ್ತು, ಹೊಲಿಯಬಹುದು. ಈಗ ಅದು ಉಪ್ಪು, ಸಿಟ್ರಿಕ್ ಆಮ್ಲದ ಬಕೆಟ್‌ನಲ್ಲಿದೆ. ಹುಳಿಯ ತೀವ್ರತೆ ಅಳೆಯುವ ಪಿಎಚ್ ಕಾಗದ 2ರ ಆಸುಪಾಸು ತೋರಿಸುತ್ತಿದೆ. ತೆಗೆಯುವುದು ನಾಳೆ. ಸುಮ್ಮನಿರಲಾರದೆ ಬೆಳಿಗ್ಗೆಯಿಂದ ನಾಲ್ಕು ಸಲ ಕೈಗವಸು ತೊಟ್ಟು, ಎಡಗಿವಿಯ ಕೂದಲನ್ನು ಮೆಲ್ಲನೆ ಎಳೆದು ನೋಡಿ ಬಂದಿದ್ದೇನೆ.